ಕತ್ತಿ ಎತ್ತುವ ಮುಂಚೆ: ತೋಟದ ಜೋಡಿಗಳನ್ನು ಗುರುತಿಸುವುದು, ಉಳಿಸಿಕೊಳ್ಳುವುದು ಹೇಗೆ

ನಮ್ಮ ತೋಟ ಕೊಡಗಿನಲ್ಲಿ, ಗೋಣಿಕೊಪ್ಪದಿಂದ ತಿತಿಮತಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ ಇದೆ. ನಾಲ್ಕೂವರೆ ಎಕರೆ ರೋಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಕರಿಮೆಣಸು, ಕೆಳಗೆ ತಗ್ಗಿನಲ್ಲಿ ಒಂದಿಷ್ಟು ಗದ್ದೆ. ಮದುವೆಯಾಗಿ ಬಂದ ಮೇಲೆ ತೋಟದ ಕೆಲಸ ಹೇಳಿಕೊಟ್ಟವರು ನನ್ನ ಅತ್ತೆ. ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆ ಕಡಿಯುವ ದಿನ ಅವರು ಮರದ ಕೆಳಗೆ ಒಂದೈದು ನಿಮಿಷ ಸುಮ್ನೆ ನಿಂತು ಮೇಲೆ ನೋಡುತ್ತಿದ್ದರು. "ಯಾರ ಮನೆ ಇದೆಯೋ, ಯಾರ ಊಟ ಇದೆಯೋ, ನೋಡ್ಬೇಕಲ್ಲ ಮಗಳೇ" ಅನ್ನುತ್ತಿದ್ದರು. ಆಮೇಲೆ ಯಾವ ಕೊಂಬೆ ಅಂತ ಕೈ ತೋರಿಸುತ್ತಿದ್ದರು.

ಆ ಮಾತು ನನಗೆ ನಿಜವಾಗಿ ಅರ್ಥವಾಗಿದ್ದು ನಷ್ಟ ಆದ ಮೇಲೆ. ಒಂದು ವರ್ಷ ಹೂ ಬಿಡಲು ನಾಲ್ಕು ದಿನ ಇರುವಾಗ ಗಿಡದ ರಸ ಹೀರುವ ಬಿಳಿ ಹುಳು ಹಿಟ್ಟು ತಿಗಣೆಗೆ ಅಂತ ಇಡೀ ತೋಟಕ್ಕೆ ಔಷಧಿ ಹೊಡೆಸಿದೆ. ಅಂಗಡಿಯಲ್ಲಿ ಕೊಟ್ಟರು, ನಾನು ಕೇಳದೆ ತಂದೆ. ಹೂ ಬಿಟ್ಟ ಬೆಳಿಗ್ಗೆ ಜೇನುಪೆಟ್ಟಿಗೆಯ ಮುಂದೆ ಸತ್ತ ಹುಳುಗಳು ಒಣಹಾಕಿದ ಮೆಣಸಿನ ಹಾಗೆ ಹರಡಿಕೊಂಡಿದ್ದವು. ತೋಟ ಪೂರ್ತಿ ಬಿಳಿ, ಘಮಘಮ ವಾಸನೆ, ಆದರೆ ಸದ್ದೇ ಇಲ್ಲ. ಆ ವರ್ಷ ಗಿಡದಲ್ಲಿ ಕಾಯಿ ಕಟ್ಟುವ ಎಷ್ಟೋ ಗಂಟುಗಳು ಖಾಲಿ ಉಳಿದವು.

ಆಮೇಲೆ ನಾನು ಒಂದು ನೋಟ್‌ಬುಕ್ ಇಟ್ಟುಕೊಂಡೆ. ಪುಟದ ಮಧ್ಯೆ ಒಂದು ಗೆರೆ. ಎಡಗಡೆ "ಏನು ಕೊಡುತ್ತದೆ", ಬಲಗಡೆ "ಏನು ಪಡೆಯುತ್ತದೆ". ತೋಟದಲ್ಲಿ ಎರಡು ಜೀವ ಒಟ್ಟಿಗೆ ಕಂಡರೆ ಎರಡರ ಹೆಸರಲ್ಲೂ ಬರೆಯುವುದು. ಎರಡೂ ಕಡೆ ಎರಡೂ ಮನೆ ತುಂಬಿದರೆ ಅದು ಕೊಟ್ಟು ತಗೊಳ್ಳುವ ಜೋಡಿ. ನೀವೂ ಹೀಗೇ ಶುರು ಮಾಡಿ. ದುಡ್ಡು ಖರ್ಚಿಲ್ಲ. ಒಂದು ಭೂತಗನ್ನಡಿ ಇದ್ದರೆ ಒಳ್ಳೆಯದು.

ಎಲ್ಲಾ ಜೋಡಿಯೂ ಹಾಗಿರುವುದಿಲ್ಲ. ಮೆಣಸಿನ ಬಳ್ಳಿ ಮರವನ್ನು ಹಿಡಿದು ಬೆಳಕಿಗೆ ಏರುತ್ತದೆ, ಮರಕ್ಕೆ ಬಳ್ಳಿಯಿಂದ ಸಿಗುವುದು ಏನೂ ಇಲ್ಲ. ಸೀತಾಳೆ ಹೂವೂ ಅಷ್ಟೇ, ಮರದ ಮೇಲೆ ಕೂತಿರುತ್ತದೆ, ಮರದ ರಸ ಹೀರುವುದಿಲ್ಲ. ಬದನಿಕೆ ಹಾಗಲ್ಲ, ಅದು ಮರದೊಳಗೆ ಬೇರು ಇಳಿಸಿ ನೀರು ಕದಿಯುತ್ತದೆ. ಆದರೆ ಅದೇ ಬದನಿಕೆಗೂ ಪುಟ್ಟ ಹೂಕುಟುಕ ಹಕ್ಕಿಗೂ ಸೊಗಸಾದ ಸ್ನೇಹ ಇದೆ. ಹಕ್ಕಿ ಹಣ್ಣು ತಿಂದು ಅಂಟು ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿ ಹೋಗುತ್ತದೆ. ಹಾಗಾಗಿ ಇಬ್ಬರ ಸ್ನೇಹ ಮೂರನೆಯವರಿಗೆ ಒಳ್ಳೆಯದೇ ಆಗಬೇಕು ಅಂತಿಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಇರುವೆಯ ವಿಷಯ ಬಂದಾಗ ಬೇಕಾಗುತ್ತದೆ.

ಹೂವಿನ ಮೂರು ದಿನ

ಮೊದಲು ನೋಡಬೇಕಾದ ಜೋಡಿ ಕಾಫಿ ಹೂ ಮತ್ತು ಜೇನು. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೋಬಸ್ಟಾ ಹಾಗಲ್ಲ. ಒಂದು ಗಿಡದ ಹೂವಿಗೆ ಅದೇ ಗಿಡದ ಪರಾಗ ಬಿದ್ದರೆ ಕಾಯಿ ಕಚ್ಚುವುದಿಲ್ಲ, ಬೇರೆ ಗಿಡದ್ದೇ ಬೇಕು. ಗಾಳಿ ಸ್ವಲ್ಪ ಮಟ್ಟಿಗೆ ತಂದುಕೊಡುತ್ತದೆ. ಉಳಿದದ್ದು ಜೇನಿನ ಕೆಲಸ. ಕೊಡಗಿನ ತೋಟಗಳಲ್ಲೇ ಸಂಶೋಧಕರು ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದ್ದಾರೆ. ಇಲ್ಲಿ ಕಾಫಿ ಹೂವಿಗೆ ಮುಖ್ಯವಾಗಿ ಬರುವವರು ಮೂವರು: ಹೆಜ್ಜೇನು, ತುಡುವೆ, ನಸರಿ.

ಮೂವರನ್ನೂ ಗುರುತಿಸುವುದು ಕಷ್ಟ ಅಲ್ಲ. ಹೆಜ್ಜೇನು ದೊಡ್ಡದು, ಎತ್ತರದ ಮರದಲ್ಲಿ ಬಯಲಾಗಿ ಒಂದೇ ದೊಡ್ಡ ಮೇಣದ ಎರಿ ಕಟ್ಟುತ್ತದೆ. ತುಡುವೆ ಪೊಟರೆಯಲ್ಲೋ ನಮ್ಮ ಪೆಟ್ಟಿಗೆಯಲ್ಲೋ ಸಾಲಾಗಿ ಎರಿಗಳನ್ನು ಕಟ್ಟಿ ಇರುತ್ತದೆ. ನಸರಿ ಇರುವೆಯಷ್ಟು ಚಿಕ್ಕದು, ಕಪ್ಪು, ಕುಟುಕುವುದಿಲ್ಲ. ಹಳೆ ಮನೆಯ ಗೋಡೆ ಸಂದಿಯಿಂದ ಮೇಣದ ಕೊಳವೆ ಹೊರಗೆ ಚಾಚಿಕೊಂಡಿದ್ದರೆ ಅದು ನಸರಿಯ ಬಾಗಿಲು. ಗೋಡೆಗೆ ಸಿಮೆಂಟ್ ಮೆತ್ತುವಾಗ ದಯವಿಟ್ಟು ಅದನ್ನು ಮುಚ್ಚಬೇಡಿ.

ಹೂವು ಜೇನಿಗೆ ಮಕರಂದ, ಪರಾಗ ಕೊಡುತ್ತದೆ. ಜೇನು ಹೂವಿಗೆ ಪಕ್ಕದ ಗಿಡದ ಪರಾಗ ತಂದು ಕೊಡುತ್ತದೆ. ಇದನ್ನು ಕಣ್ಣಾರೆ ನೋಡಬೇಕಾದರೆ ಹೀಗೆ ಮಾಡಿ. ಹೂ ಮಳೆ ಬಿದ್ದ ಮೇಲೆ, ಅಥವಾ ಸ್ಪ್ರಿಂಕ್ಲರ್ ಹಾಕಿದ ಮೇಲೆ, ಮೊಗ್ಗು ಒಂದು ವಾರದಲ್ಲಿ ಉಬ್ಬಿ ಬೆಳ್ಳಗಾಗುತ್ತದೆ. ಬಿರಿಯುವ ಹಿಂದಿನ ದಿನ ಸಂಜೆ ಒಂದು ಕೊಂಬೆಗೆ ಸೊಳ್ಳೆ ಪರದೆಯ ಚೀಲ ಹೊಲಿದು ಹಾಕಿ, ಎರಡೂ ತುದಿ ಕಟ್ಟಿ. ಅದೇ ಗಿಡದಲ್ಲಿ ಅಷ್ಟೇ ಉದ್ದದ, ಅಷ್ಟೇ ಗಂಟಿನ ಇನ್ನೊಂದು ಕೊಂಬೆಗೆ ಕೆಂಪು ದಾರ ಕಟ್ಟಿ ಹಾಗೇ ಬಿಡಿ. ಎರಡರಲ್ಲೂ ಮೊಗ್ಗು ಎಣಿಸಿ ಬರೆದುಕೊಳ್ಳಿ. ಹೂ ಬಾಡಿದ ಮೇಲೆ ಚೀಲ ತೆಗೆಯಿರಿ. ಆರೇಳು ವಾರ ಬಿಟ್ಟು ಕಚ್ಚಿದ ಕಾಯಿ ಎಣಿಸಿ. ಒಂದು ಗಿಡದಲ್ಲಿ ಮಾಡಿದರೆ ಸಾಲದು, ತೋಟದ ಬೇರೆ ಬೇರೆ ಮೂಲೆಯ ಐದಾರು ಗಿಡಗಳಲ್ಲಿ ಮಾಡಿ. ಪರದೆಯೊಳಗೆ ಗಾಳಿ ಹೋಗುತ್ತದೆ, ಹಾಗಾಗಿ ಸ್ವಲ್ಪ ಕಾಯಿ ಅಲ್ಲೂ ಇರುತ್ತದೆ. ಎರಡು ಕೊಂಬೆಗೂ ಇರುವ ವ್ಯತ್ಯಾಸವೇ ಜೇನು ನಿಮಗೆ ಮಾಡಿಕೊಟ್ಟ ಕೆಲಸ. ನಾನು ಮೊದಲ ಸಲ ಎಣಿಸಿದ ದಿನ ಎರಡು ಕೊಂಬೆಯನ್ನೂ ಅತ್ತೆಯ ಕೈಗೆ ಹಿಡಿಸಿದೆ. ಅವರು ಏನೂ ಹೇಳಲಿಲ್ಲ, ಒಂದೊಂದೇ ಗಂಟಿನ ಮೇಲೆ ಬೆರಳು ಆಡಿಸುತ್ತಾ ತುಂಬಾ ಹೊತ್ತು ನಿಂತರು.

ಹೂ ಇರುವುದು ಎರಡು ಮೂರು ದಿನ ಮಾತ್ರ. ಆ ದಿನಗಳಲ್ಲಿ ಮಾಡಬಾರದ್ದು ಜಾಸ್ತಿ, ಮಾಡಬೇಕಾದದ್ದು ಕಡಿಮೆ. ಔಷಧಿ ಹೊಡೆಯಬೇಡಿ. ಹೂವಿನ ದಿನ ಮಾತ್ರ ಅಲ್ಲ, ಅದಕ್ಕೆ ಮುಂಚಿನ ದಿನಗಳಲ್ಲೂ ಬೇಡ. ಬಿರಿದ ಹೂವಿನ ಮೇಲೆ ಸ್ಪ್ರಿಂಕ್ಲರ್ ಬಿಡಬೇಡಿ, ಪರಾಗ ತೊಯ್ದು ಹೋಗುತ್ತದೆ. ಬೆಳಿಗ್ಗೆ ಹೊತ್ತು ತೋಟದೊಳಗೆ ಬೆಂಕಿ, ಹೊಗೆ ಮಾಡಬೇಡಿ. ಪಕ್ಕದ ತೋಟದವರ ಹತ್ತಿರ ಮುಂಚೆಯೇ ಮಾತಾಡಿಕೊಳ್ಳಿ, ಅವರು ಯಾವಾಗ ನೀರು ಹಾಕುತ್ತಾರೆ, ಯಾವಾಗ ಔಷಧಿ ಹೊಡೆಯುತ್ತಾರೆ ಅಂತ. ಜೇನಿಗೆ ಬೇಲಿ ಗೊತ್ತಿಲ್ಲ. ತುಡುವೆ ಒಂದು ಕಿಲೋಮೀಟರ್ ಆಸುಪಾಸಿನಲ್ಲೇ ತಿರುಗುತ್ತದೆ. ಹೆಜ್ಜೇನು ಅದಕ್ಕಿಂತ ತುಂಬಾ ದೂರದಿಂದ ಬರುತ್ತದೆ.

ಕಷ್ಟ ಇರುವುದು ಉಳಿದ 362 ದಿನ. ಮೂರು ದಿನ ಕೆಲಸ ಮಾಡಿಸಿಕೊಂಡು ವರ್ಷವಿಡೀ ಉಪವಾಸ ಹಾಕಿದರೆ ಯಾರು ತಾನೇ ಉಳಿಯುತ್ತಾರೆ? ಅದಕ್ಕೇ ನೆರಳಿಗೆ ಒಂದೇ ಜಾತಿಯ ಮರ ಬೇಡ. ನಮ್ಮಲ್ಲಿ ನೇರಳೆ, ಅಂಟುವಾಳ, ಮತ್ತಿ, ನಂದಿ ಇವೆ. ಒಂದರ ಹೂ ಮುಗಿಯುವಾಗ ಇನ್ನೊಂದಕ್ಕೆ ಶುರು. ಸಿಲ್ವರ್ ಓಕ್‌ಗೂ ಹೂ ಬರುತ್ತದೆ, ಜೇನು ಹೋಗುತ್ತದೆ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಅದರಲ್ಲಿ ಹಣ್ಣಿಲ್ಲ. ಹಣ್ಣು ತಿನ್ನುವ ಹಕ್ಕಿಗೆ ಕೊಡಲು ಅದರ ಹತ್ತಿರ ಏನೂ ಇಲ್ಲ. ಕಳೆ ಪೂರ್ತಿ ಹೆರೆದು ನೆಲ ಬೋಳು ಮಾಡುವುದನ್ನೂ ನಾನು ಬಿಟ್ಟೆ. ದಾರಿ ಬದಿ, ಬೇಲಿ ಬುಡದ ಹೂಬಿಡುವ ಕಳೆ ಹಾಗೇ ಇರುತ್ತದೆ.

ಪೆಟ್ಟಿಗೆ ಇಡುವವರಿಗೆ ಎರಡು ಮಾತು. ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ, ಇಲ್ಲದಿದ್ದರೆ ಇರುವೆ ನುಗ್ಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಮಳೆಯಲ್ಲಿ ಜೇನು ಹೊರಗೆ ಹೋಗಲಿಕ್ಕೆ ಆಗುವುದಿಲ್ಲ. ಒಂದು ಲೋಟ ಸಕ್ಕರೆಗೆ ಒಂದು ಲೋಟ ನೀರು ಹಾಕಿ ಪಾಕ ಮಾಡಿ, ಆರಿಸಿ, ಸಂಜೆ ಹೊತ್ತು ತೆಂಗಿನ ಚಿಪ್ಪಿನಲ್ಲಿ ಒಳಗಿಡಿ. ಹುಳು ಮುಳುಗದ ಹಾಗೆ ನಾಲ್ಕು ಕಡ್ಡಿ ತೇಲಿಬಿಡಿ. ತೆಗೆದ ತುಪ್ಪಕ್ಕೆ ನಾವು ಕೊಡುವ ಬಾಡಿಗೆ ಇದು. ಇನ್ನೊಂದು, ವಾರಕ್ಕೊಮ್ಮೆಯಾದರೂ ಮರಿಹುಳು ನೋಡಿ. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂದು ತುಡುವೆ ಸಂಸಾರಗಳನ್ನು ಗುಡಿಸಿ ಹಾಕಿತು. ಮರಿಹುಳು ನೀರು ತುಂಬಿದ ಚೀಲದ ಹಾಗಾಗಿ ಸಾಯುತ್ತದೆ. ನಮ್ಮ ಅಟ್ಟದಲ್ಲಿ ಆ ಕಾಲದ ಆರು ಖಾಲಿ ಪೆಟ್ಟಿಗೆ ಈಗಲೂ ಇವೆ. ಅಂಥ ಮರಿ ಕಂಡರೆ ಆ ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಹಾಕಬೇಡಿ, ಮುಟ್ಟಿದ ಕೈಯಲ್ಲಿ ಇನ್ನೊಂದನ್ನು ತೆರೆಯಬೇಡಿ.

ಹೆಜ್ಜೇನಿಗೆ ಪೆಟ್ಟಿಗೆ ಕೆಲಸ ಇಲ್ಲ. ಅದಕ್ಕೆ ಬೇಕಾದ್ದು ಎತ್ತರದ ಮರ. ನಮ್ಮಲ್ಲಿ ಕೆಲಸಕ್ಕೆ ಬರುವ ಒಬ್ಬ ಅಜ್ಜ ಹತ್ತಿರದ ಜೇನು ಕುರುಬರ ಹಾಡಿಯವರು. ಜೇನು ಕೂರುವ ಮರ ಯಾವುದು ಅಂತ ದೂರದಿಂದಲೇ ತೋರಿಸುತ್ತಾರೆ. ಅವರಿಗೆ ಒಂದು ದಿನ ಆಫ್ರಿಕಾದ ಸಂಗತಿ ಹೇಳಿದೆ. ಮೊಜಾಂಬಿಕ್‌ನ ಯಾವೊ ಜನ ಒಂದು ವಿಶೇಷ ಸದ್ದು ಮಾಡಿದರೆ ಹನಿಗೈಡ್ ಅನ್ನುವ ಹಕ್ಕಿ ಬಂದು ಜೇನುಗೂಡಿಗೆ ದಾರಿ ತೋರಿಸುತ್ತದೆ. ಜನ ತುಪ್ಪ ತೆಗೆಯುತ್ತಾರೆ, ಹಕ್ಕಿ ಮೇಣ ತಿನ್ನುತ್ತದೆ. 2016ರಲ್ಲಿ ಬಂದ ಅಧ್ಯಯನದಲ್ಲಿ ಆ ಸದ್ದು ಮಾಡಿದಾಗ ಹಕ್ಕಿ ದಾರಿ ತೋರಿಸುವ ಸಾಧ್ಯತೆ ಶೇ 33ರಿಂದ ಶೇ 66ಕ್ಕೆ ಏರಿತ್ತು. ಅಜ್ಜ ಕೇಳಿ, "ಹಕ್ಕಿಗೆ ಅದರ ಪಾಲು ಬಿಡ್ತಾರಾ?" ಅಂದರು. ಅವರಿಗೆ ಬಂದ ಮೊದಲ ಪ್ರಶ್ನೆ ಅದು. ನನ್ನ ನೋಟ್‌ಬುಕ್ಕಿನ ಬಲಗಡೆಯ ಮನೆಯೂ ಅದೇ ಅಲ್ವಾ?

ಇರುವೆ ಕಾಯುವ ದನ

ಏಪ್ರಿಲ್ ಬಿಸಿಲಿಗೆ ಕಾಫಿ ಎಲೆಯ ಅಡಿಯಲ್ಲಿ, ನಡುನರದ ಉದ್ದಕ್ಕೂ ಹಸಿರು ಚುಕ್ಕಿಗಳು ಅಂಟಿಕೊಂಡಿರುತ್ತವೆ. ಹಸಿರು ತಿಗಣೆ. ಕಾಲಿದ್ದೂ ಹೆಚ್ಚು ನಡೆಯುವುದಿಲ್ಲ, ಕೊಳವೆ ಬಾಯಿ ಚುಚ್ಚಿ ರಸ ಕುಡಿಯುತ್ತಾ ಕೂತಿರುತ್ತದೆ. ಭೂತಗನ್ನಡಿ ಹಿಡಿದು ಹತ್ತು ನಿಮಿಷ ನೋಡಿ. ಒಂದು ಇರುವೆ ಬಂದು ಮೀಸೆಯಿಂದ ತಿಗಣೆಯ ಬೆನ್ನು ತಟ್ಟುತ್ತದೆ, ಕರು ಕೆಚ್ಚಲಿಗೆ ಗುದ್ದುವ ಹಾಗೆ. ತಿಗಣೆಯ ಹಿಂಭಾಗದಲ್ಲಿ ಗಾಜಿನ ಮಣಿಯಂಥ ಒಂದು ಹನಿ ಮೂಡುತ್ತದೆ. ಇರುವೆ ಅದನ್ನು ಕುಡಿದು ಮುಂದಿನದಕ್ಕೆ ಹೋಗುತ್ತದೆ. ಅಷ್ಟರಲ್ಲಿ ಗುಲಗಂಜಿ ಹುಳು ಏನಾದರೂ ಬಂದರೆ ಇರುವೆ ಮೇಲೆ ಬಿದ್ದು ಓಡಿಸುತ್ತದೆ. ತಿಗಣೆ ಕೊಡುವುದು ಸಿಹಿ, ಪಡೆಯುವುದು ಕಾವಲು. ಪಕ್ಕಾ ಜೋಡಿ. ನಷ್ಟ ಮಾತ್ರ ಗಿಡದ್ದು. ಇರುವೆ ಕುಡಿಯದೆ ಉಳಿದ ಸಿಹಿ ಎಲೆ ಮೇಲೆ ಬಿದ್ದು ಮಸಿಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ.

ಇಲ್ಲಿ ನಾನು ಜೋಡಿ ಬಿಡಿಸುವ ಪಕ್ಷ. ಆದರೆ ತಿಗಣೆಗೆ ಔಷಧಿ ಹೊಡೆದು ಅಲ್ಲ, ಇರುವೆಯ ದಾರಿ ಕಡಿದು. ನೆಲ ಮುಟ್ಟುವ ಕೆಳಗಿನ ಕೊಂಬೆ ಸವರಿ, ಗಿಡಕ್ಕೆ ತಾಗುವ ಕಳೆ ತೆಗೆಯಿರಿ. ಈಗ ಇರುವೆಗೆ ಉಳಿದ ದಾರಿ ಕಾಂಡ ಒಂದೇ. ಕಾಂಡಕ್ಕೆ ಒಂದು ಗೇಣು ಎತ್ತರದಲ್ಲಿ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಹಚ್ಚಿ. ತೊಗಟೆಗೆ ನೇರವಾಗಿ ಹಚ್ಚಬೇಡಿ, ಸುಡುತ್ತದೆ. ಧೂಳು ಕೂತ ಮೇಲೆ ಮತ್ತೆ ಹಚ್ಚಬೇಕು. ಕಾವಲು ತಪ್ಪಿದ ತಿಗಣೆಯನ್ನು ಗುಲಗಂಜಿ ಹುಳುಗಳು, ಸಣ್ಣ ಕಣಜಗಳು ನೋಡಿಕೊಳ್ಳುತ್ತವೆ. ಇಡೀ ತೋಟಕ್ಕೆ ಮಾಡುವುದು ಬೇಡ, ಹಾವಳಿ ಇರುವ ಗಿಡಗಳಿಗೆ ಸಾಕು.

ಒಂದು ಎಚ್ಚರಿಕೆ. ಹಿಟ್ಟು ತಿಗಣೆಯ ನಡುವೆ ಅದಕ್ಕಿಂತ ದೊಡ್ಡದಾದ, ಮೈತುಂಬಾ ಬಿಳಿ ಮೇಣದ ಎಳೆ ಜೋತಾಡುವ ಒಂದು ಹುಳು ಚುರುಕಾಗಿ ಓಡಾಡುತ್ತಿದ್ದರೆ ಅದನ್ನು ಹೊಸಕಬೇಡಿ. ತಿಗಣೆಯ ವೇಷದಲ್ಲೇ ಇರುವ ಆ ಹುಳು ತಿಗಣೆಯನ್ನೇ ತಿನ್ನುವ ಗುಲಗಂಜಿ ಹುಳುವಿನ ಮರಿ. ಕ್ರಿಪ್ಟೋಲೇಮಸ್ ಅಂತ ಹೆಸರು. 1898ರಲ್ಲಿ ಕಾಫಿಯ ಹಸಿರು ತಿಗಣೆಗೆ ಅಂತಲೇ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದದ್ದು, ಕೊನೆಗೆ ಕೈಹಿಡಿದದ್ದು ಹಿಟ್ಟು ತಿಗಣೆಗೆ. ನಾನು ಔಷಧಿ ಹೊಡೆಸಿದ ವರ್ಷ ಅವನ್ನೂ ಕೊಂದಿದ್ದೆ ಅಂತ ಆಮೇಲೆ ತಿಳಿಯಿತು.

ಅತ್ತಿ ಹಣ್ಣು ಬಿಚ್ಚಿ ನೋಡಿ

ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳು ಅಂತ ಗಾದೆ ಇದೆ. ಹೊರಗೆ ಚಂದ, ಒಳಗೆ ಹುಳುಕು ಅನ್ನುವ ಅರ್ಥದಲ್ಲಿ ಹೇಳುತ್ತಾರೆ. ನನಗೆ ಆ ಹುಳುಗಳ ಪರವಾಗಿ ಮಾತಾಡಬೇಕು ಅನಿಸುತ್ತದೆ. ಅವಿಲ್ಲದಿದ್ದರೆ ಅತ್ತಿಯೇ ಇಲ್ಲ.

ಅತ್ತಿ "ಕಾಯಿ" ಅಂದರೆ ಒಳಮುಖ ಮಾಡಿದ ನೂರಾರು ಹೂಗಳ ಚೀಲ. ಎಳೆ ಕಾಯಿಯ ತುದಿಯಲ್ಲಿ ಸಣ್ಣ ತೂತಿದೆ. ಎಳ್ಳಿಗಿಂತ ಚಿಕ್ಕ ಹೆಣ್ಣು ಕಣಜ ಅದರೊಳಗೆ ನುಸುಳುತ್ತದೆ. ನುಸುಳುವಾಗ ರೆಕ್ಕೆ ಮುರಿದು ಹೋಗುತ್ತದೆ, ಮತ್ತೆ ಹೊರಗೆ ಬರುವುದಿಲ್ಲ. ಹೊತ್ತು ತಂದ ಪರಾಗ ಹೂಗಳಿಗೆ ಹಾಕಿ, ಕೆಲವು ಹೂಗಳಲ್ಲಿ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಮೊಟ್ಟೆ ಇಟ್ಟ ಹೂ ಮರಿಗೆ ತೊಟ್ಟಿಲು, ಉಳಿದ ಹೂ ಬೀಜ. ಮೊದಲು ಗಂಡುಗಳು ಹುಟ್ಟುತ್ತವೆ, ಅವಕ್ಕೆ ರೆಕ್ಕೆ ಇಲ್ಲ. ಹೆಣ್ಣುಗಳ ಜೊತೆ ಕೂಡಿ, ಹೊರಗೆ ಹೋಗಲು ದಾರಿ ಕೊರೆದು ಕೊಡುತ್ತವೆ. ಹೆಣ್ಣುಗಳು ಪರಾಗ ಹೊತ್ತು ಆ ದಾರಿಯಿಂದ ಹಾರಿ ಇನ್ನೊಂದು ಅತ್ತಿ ಮರ ಹುಡುಕುತ್ತವೆ. ಅವಕ್ಕೆ ಇರುವ ಆಯುಸ್ಸು ಒಂದೆರಡು ದಿನ.

ನೋಡುವುದು ಹೀಗೆ: ಒಂದೇ ಮರದಿಂದ ವಾರಕ್ಕೆ ಎರಡು ಕಾಯಿ ಕಿತ್ತು ಬ್ಲೇಡಿನಲ್ಲಿ ಅರ್ಧ ಮಾಡಿ, ಬಿಳಿ ತಟ್ಟೆಯಲ್ಲಿಟ್ಟು ಭೂತಗನ್ನಡಿ ಹಿಡಿಯಿರಿ. ಗಟ್ಟಿ ಹಸಿರು ಕಾಯಿಯಲ್ಲಿ ಸತ್ತ ತಾಯಿ ಕಣಜ ಸಿಗುತ್ತದೆ. ಬಣ್ಣ ತಿರುಗುವ ಕಾಯಿಯನ್ನು ಗಾಜಿನ ಬಾಟಲಿಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿದರೆ ಬೆಳಿಗ್ಗೆ ಹಾರುವ ಹೆಣ್ಣುಗಳು ಸಿಗಬಹುದು. ನೋಡಿ ಬಿಟ್ಟುಬಿಡಿ.

ಒಂದು ಮರದ ಕಾಯಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಮಾಗುತ್ತವೆ. ಹೊರಬಂದ ಕಣಜಕ್ಕೆ ಅದೇ ಮರದಲ್ಲಿ ಜಾಗ ಇರುವುದಿಲ್ಲ. ಹಾಗಾಗಿ ನಿಮ್ಮ ತೋಟದ ಒಂದು ಅತ್ತಿ ಉಳಿದರೆ ಸಾಲದು, ಸುತ್ತ ಇನ್ನಷ್ಟು ಬೇಕು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ನಮ್ಮೂರಿನದ್ದು ತುಂಬಾ ಚಿಕ್ಕದು, ಆದರೆ ಅದರೊಳಗೆ ದೊಡ್ಡ ಅತ್ತಿಗಳಿವೆ. ನಮ್ಮ ತೋಟದ ಕಣಜಗಳು ಅಲ್ಲಿಗೇ ಹೋಗುತ್ತವೆ ಅಂತ ನಾನು ನಂಬಿದ್ದೇನೆ. ಹೊಸದಾಗಿ ನೆಡುವವರು ಗೋಣಿ, ಬಸರಿಯ ಕೊಂಬೆಯನ್ನು ಮಳೆ ಶುರುವಾಗುವಾಗ ನೆಟ್ಟರೂ ಚಿಗುರುತ್ತದೆ. ಅವಕ್ಕೂ ಅವುಗಳದ್ದೇ ಕಣಜಗಳಿವೆ.

ಹಣ್ಣಾದ ಮೇಲೆ ಮಂಗಟ್ಟೆ ಹಕ್ಕಿ ಬರುತ್ತದೆ. ಹಣ್ಣು ತಿಂದು ಬೀಜವನ್ನು ದೂರ ಹಾಕುತ್ತದೆ. ಅದು ತಾನಾಗಿ ಪೊಟರೆ ಕೊರೆಯಲಾರದು, ಇರುವ ಪೊಟರೆಯನ್ನೇ ಹುಡುಕಿ ಹೆಣ್ಣು ಒಳಗೆ ಕೂತು ಬಾಗಿಲು ಮೆತ್ತಿಕೊಳ್ಳುತ್ತದೆ. ಗಂಡು ಸಂದಿಯಿಂದ ಹಣ್ಣು ಕೊಡುತ್ತದೆ. ಹಾಗಾಗಿ ಪೊಟರೆ ಇರುವ ಹಳೆ ಮರ ಮನೆ ಮೇಲೆ, ದಾರಿ ಮೇಲೆ ಬೀಳುವ ಹಾಗಿಲ್ಲದಿದ್ದರೆ ಬಿಟ್ಟುಬಿಡಿ.

ಮಳೆ ಹಿಡಿದ ಮೇಲೆ

ಜೂನ್‌ನಲ್ಲಿ ನೆರಳಿಗೆ ಬೆಳೆಸಿದ ಹಾಲುವಾಣ ಮರದ ಕೊಂಬೆ ಕಡಿಯುವಾಗ ಬುಡದ ಹತ್ತಿರ ಒಂದು ಸಣ್ಣ ಬೇರನ್ನು ಮೆಲ್ಲಗೆ ಬಿಡಿಸಿ ನೋಡಿ. ಸಾಸಿವೆಯಷ್ಟು, ಕಡಲೆಯಷ್ಟು ಗಂಟುಗಳಿರುತ್ತವೆ. ಉಗುರಿನಿಂದ ಒಡೆದರೆ ಒಳಗೆ ಗುಲಾಬಿ ಬಣ್ಣ ಇದ್ದರೆ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆ, ಗಾಳಿಯ ಸಾರಜನಕವನ್ನು ಮರಕ್ಕೆ ಗೊಬ್ಬರ ಮಾಡಿಕೊಡುತ್ತಿದೆ. ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ಕಡಿದ ಸೊಪ್ಪು ಅಲ್ಲೇ ಬುಡಕ್ಕೆ ಹಾಕಿದರೆ ಕಾಫಿಗೂ ಪಾಲು ಸಿಗುತ್ತದೆ. ಎರಡು ಮೂರು ಹಾಲುವಾಣವನ್ನು ಕಡಿಯದೆ ಬಿಡಿ. ಕಡಿದ ಮರ ಸರಿಯಾಗಿ ಹೂ ಬಿಡುವುದಿಲ್ಲ. ಆ ಕೆಂಪು ಹೂವಿಗೆ ಸೂರಕ್ಕಿ, ಮೈನಾ ಎಲ್ಲ ಕಾಯುತ್ತಿರುತ್ತವೆ.

ಇನ್ನು ಅಣಬೆ. ಕೊಡವರು ಕುಮ್ಮು ಅನ್ನುತ್ತಾರೆ. ಗುಡುಗು ಮಳೆ ಬಂದು ನಾಲ್ಕು ದಿನಕ್ಕೆ ಹುತ್ತದ ಸುತ್ತ ಏಳುವ ಅಣಬೆ ಗೆದ್ದಲು ಬೆಳೆಸಿದ್ದು. ಗೆದ್ದಲು ಒಣ ಎಲೆ, ಕಟ್ಟಿಗೆ ಅಗಿದು ನೆಲದೊಳಗೆ ಸ್ಪಂಜಿನಂಥ ಗೂಡು ಕಟ್ಟುತ್ತದೆ. ಅದರ ಮೇಲೆ ಅಣಬೆಯ ಬೂಷ್ಟು ಹಬ್ಬುತ್ತದೆ. ಕಟ್ಟಿಗೆಯ ಗಟ್ಟಿ ಭಾಗವನ್ನು ಅದು ಮೆತ್ತಗೆ ಮಾಡಿ ಕೊಡುತ್ತದೆ, ಗೆದ್ದಲು ಅದನ್ನು ತಿನ್ನುತ್ತದೆ. ಬೇರೆ ಬೂಷ್ಟು ಬರದ ಹಾಗೆ ಗೆದ್ದಲು ಕಳೆ ಕೀಳುತ್ತದೆ. ಈ ಬೇಸಾಯ ಆಫ್ರಿಕಾದಲ್ಲಿ ಸುಮಾರು 3 ಕೋಟಿ ವರ್ಷದ ಹಿಂದೆ ಶುರುವಾದದ್ದು. ಒಮ್ಮೆ ಚರಂಡಿ ತೆಗೆಯುವಾಗ ಹಾರೆಗೆ ಸಿಕ್ಕಿ ಅಂಥ ಒಂದು ತುಂಡು ಹೊರಬಂತು. ಅಂಗೈಯಷ್ಟು ಅಗಲ, ಕಂದು ಬಣ್ಣ, ಮೇಲೆಲ್ಲ ಸಬ್ಬಕ್ಕಿ ಉದುರಿಸಿದ ಹಾಗೆ ಬಿಳಿ ಮಣಿಗಳು. ಬಿಸಿ ಇತ್ತು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ವಾಪಸ್ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿಸಿದರು. ಚರಂಡಿ ಆ ಜಾಗದಲ್ಲಿ ಸ್ವಲ್ಪ ತಿರುಗಿ ಹೋಯಿತು.

ಹಾಗಾಗಿ ತೋಟದ ಹುತ್ತ ಒಡೆಸಬೇಡಿ, ಔಷಧಿ ಸುರಿಯಬೇಡಿ. ಅಣಬೆ ಕೀಳುವಾಗ ಅಗೆಯಬೇಡಿ. ಅದರ ಕಾಂಡ ನೆಲದೊಳಗೆ ಬೇರಿನ ಹಾಗೆ ಗೂಡಿನವರೆಗೂ ಇಳಿದಿರುತ್ತದೆ. ನೆಲದ ಮಟ್ಟದಲ್ಲಿ ಎರಡು ಬೆರಳಿನಿಂದ ಹಿಡಿದು ಮೆಲ್ಲಗೆ ತಿರುಗಿಸಿದರೆ ಪಟ್ ಅಂತ ಮುರಿಯುತ್ತದೆ. ಅರಳಿ ಹರಿದ ನಾಲ್ಕು ಕೊಡೆಗಳನ್ನು ಅಲ್ಲೇ ಬಿಡಿ. ಗುರುತು ಪೂರ್ತಿ ಗೊತ್ತಿಲ್ಲದ ಅಣಬೆಯನ್ನು ಮನೆಗೆ ತರಲೇಬೇಡಿ, ಮನೆಯ ಹಿರಿಯರಿಗೆ ತೋರಿಸದೆ ಒಲೆ ಮೇಲೆ ಇಡಬೇಡಿ. ಆಮೇಲೆ ಜಾಗ ಮತ್ತು ತಾರೀಕು ಬರೆದಿಡಿ. ನಮ್ಮ ಕಣದ ಹಿಂದಿನ ಹುತ್ತದ ಹತ್ತಿರ ಹೋದ ಮೂರು ವರ್ಷವೂ ಜೂನ್ ಕೊನೆಯ ವಾರದಲ್ಲೇ ಎದ್ದಿದೆ. ಈ ಸಲ ಬುಟ್ಟಿ ಹಿಡಿದು ಮಗಳೂ ಬರುತ್ತೇನೆ ಅಂದಿದ್ದಾಳೆ.